ಓಣಿಗೆ ಬಂದ ತುತ್ತೂರಿ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ತುತ್ತೂರಿಯಣ್ಣನಷ್ಟು ಶ್ರದ್ಧೆಯಿಂದ ಪಾಲಿಸಿದವರು ಆ ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬ್ಯಾಂಡ್ ಸೆಟ್ಟಿನಲ್ಲಿ ತುತ್ತೂರಿ ಊದುವುದು ಅವನ ಕಸುಬು. ಬಾಯಿಗೆ ಅಷ್ಟು ಕೆಲಸ ಸಾಕು ಎಂದು ಮಾತನ್ನು ಉಳಿತಾಯ ಮಾಡುತ್ತಿದ್ದ. ಊರವರ ಮದುವೆಗೆಲ್ಲ ಊದಿ ಊದಿ ತನ್ನ ಮದುವೆಯ ವಿಷಯವೇ ಮರೆತುಹೋಗಿ, ಐವತ್ತು ದಾಟಿದರೂ ಅಮ್ಮನ ಜೊತೆ ಬೇಕರಿಯ ಮೇಲಿನ ಕೋಣೆಯಲ್ಲೇ ಇದ್ದ. ಅಂಥವನು ಚುನಾವಣೆ ಪ್ರಚಾರದ ಕಡೆಯ ದಿನ ಬೆಳಿಗ್ಗೆ ಬಾಯಿತಪ್ಪಿ ಒಂದು ಮಾತು ಆಡಿಬಿಟ್ಟ.

ತಪ್ಪು ಪೂರ್ತಿ ಅವನದೂ ಅಲ್ಲ. ಅಮ್ಮ ಬೆಳಗಾಗೆದ್ದು ಬೆತ್ತದ ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದಳು. ಆ ಕುರ್ಚಿಗೆ ಓಣಿಯಲ್ಲಿ ಒಂದು ಚರಿತ್ರೆಯೇ ಇತ್ತು. ಕೊಡೆ ಪಕ್ಷದ ಹಳೆಯ ದೊಡ್ಡ ನಾಯಕರು ಒಂದು ಕಾಲದಲ್ಲಿ ಈ ಮಹಡಿ ಹತ್ತಿ ಬಂದು, ಅದೇ ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ತೊಟ್ಟಿಲಲ್ಲಿದ್ದ ತುತ್ತೂರಿಯಣ್ಣನ ಹೆಸರೇನೆಂದು ಕೇಳಿದ್ದರಂತೆ. ಅಂದಿನಿಂದ ಓಣಿಯ ಮತವೆಲ್ಲ ಕೊಡೆಗೆ. ಅಂದಿನಿಂದ ಪ್ರತಿ ಚುನಾವಣೆಗೂ ಅಮ್ಮ ಕುರ್ಚಿ ಒರೆಸಿಟ್ಟು ಕಾಯುವುದು, ಯಾರೂ ಬಾರದೆ ಅದರ ಮೇಲೆ ಒಗೆದ ಬಟ್ಟೆ ಗುಡ್ಡೆ ಬೀಳುವುದು.

ಓಣಿಯವರೆಲ್ಲ ಹೊಳೆಯ ಆಚೆ ದಡದಿಂದ ಬಂದವರು. ಬಂದು ನಾಲ್ಕು ತಲೆಮಾರಾಗಿತ್ತು. ಆಚೆ ದಡ ಹೇಗಿದೆ ಎಂದು ಕೇಳಿದರೆ ಹೇಳುವವರು ಕೂಡ ಉಳಿದಿರಲಿಲ್ಲ. ಆದರೂ ಊರಿನ ಬಾಯಲ್ಲಿ ಅವರು ಇನ್ನೂ ‘ಆಚೆಯವರು’. ಅವರ ಪ್ರಾರ್ಥನೆಯ ಮನೆ ಬೇರೆ, ಸ್ಮಶಾನ ಬೇರೆ, ಪಕ್ಷಗಳು ಮತ ಕೂಡಿ ಕಳೆಯುವಾಗ ಅವರ ಖಾನೆಯೂ ಬೇರೆ.

“ಕಣ್ಣು ಮಂಜಾಯ್ತು, ಕಿವಿ ಮಂದ ಆಯ್ತು,” ಎಂದಳು ಅಮ್ಮ, ಕುರ್ಚಿಯ ಕಾಲು ಒರೆಸುತ್ತಾ. “ಇನ್ನೊಂದು ಚುನಾವಣೆ ನೋಡ್ತೀನೋ ಇಲ್ವೋ. ಈ ಸಲನಾದ್ರೂ ಒಂದು ಮೆರವಣಿಗೆ ನಮ್ಮ ಓಣಿಯೊಳಗೆ ಬರಬಾರದಾ? ಯಾವ ಪಕ್ಷ ಆದ್ರೂ ಸರಿ ಕಣೋ.”

ತುತ್ತೂರಿಯಣ್ಣ ಅವಳ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡ. “ಬರುತ್ತಮ್ಮ. ಇವತ್ತು ನಾನೇ ಕರ್ಕೊಂಡು ಬರ್ತೀನಿ,” ಎಂದುಬಿಟ್ಟ.

ಅಷ್ಟೇ. ಮೆಟ್ಟಿಲ ಮೇಲೆ ಬ್ರೆಡ್ಡು ಕೊಡಲು ಬಂದಿದ್ದ ಬೇಕರಿ ಅತ್ತೆಯ ಕಿವಿಗೆ ಆ ಮಾತು ಬಿತ್ತು. ಬೇಕರಿ ಅತ್ತೆಯ ಕಿವಿಗೆ ಬಿದ್ದದ್ದು ಓಣಿಗೆ ತಲುಪಲು ಅಂಚೆಯವರ ನೆರವು ಬೇಕಿರಲಿಲ್ಲ. ತುತ್ತೂರಿಯಣ್ಣ ಕೆಂಪು ಕೋಟು ಹಾಕಿ ಕೆಳಗಿಳಿಯುವಷ್ಟರಲ್ಲಿ ನಾಲ್ಕು ಮನೆಯವರು ಬಾಗಿಲ ಮುಂದೆ ಗುಡಿಸುತ್ತಿದ್ದರು. ದಿನವೂ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಪತ್ರಿಕೆ ಓದುವ ಪೇಪರ್ ಮಾವ ಅಂದು ಪತ್ರಿಕೆ ಮಡಚಿಟ್ಟು ಎದ್ದೇ ನಿಂತಿದ್ದರು.

“ಎಷ್ಟು ಹೊತ್ತಿಗೆ ಬರ್ತಾರಪ್ಪ ಅಭ್ಯರ್ಥಿ?” ಎಂದರು. “ಚರಂಡಿ ವಿಷಯ ನಾನು ಮಾತಾಡ್ತೀನಿ. ನೀನು ಸುಮ್ನಿರು, ನಿನಗೆ ಮಾತು ಬರಲ್ಲ.”

ತುತ್ತೂರಿಯಣ್ಣ ತುತ್ತೂರಿಯನ್ನು ಕಂಕುಳಲ್ಲಿಟ್ಟು ಬೇಗ ಬೇಗ ಹೆಜ್ಜೆ ಹಾಕಿದ.

ಆ ಊರಿನಲ್ಲಿದ್ದದ್ದು ಒಂದೇ ಬ್ಯಾಂಡ್ ಸೆಟ್. ಬೆಳಿಗ್ಗೆ ಕೊಡೆ ಪಕ್ಷಕ್ಕೆ, ಮಧ್ಯಾಹ್ನ ಗರಗಸ ಪಕ್ಷಕ್ಕೆ. ಕೋಟು ಅದೇ, ಹಾಡೂ ಅದೇ. ಹೆಗಲ ಪಟ್ಟಿ ಮಾತ್ರ ಬೆಳಿಗ್ಗೆ ಹಳದಿ, ಊಟವಾದ ಮೇಲೆ ಹಸಿರು. ಎರಡು ಮೆರವಣಿಗೆಗಳೂ ಪೇಟೆಬೀದಿ ಹಿಡಿದು ಬಂದು ಆಚೆಯವರ ಓಣಿಯ ಬಾಯಿಯ ತನಕ ಬರುತ್ತಿದ್ದವು. ಅಲ್ಲಿ ಯಾರೋ ಗೆರೆ ಎಳೆದಿಟ್ಟಂತೆ ಎಡಕ್ಕೆ ತಿರುಗಿ ಹೋಗಿಬಿಡುತ್ತಿದ್ದವು.

ಕೊಡೆಯ ಮೆರವಣಿಗೆ ನೀರು ಕುಡಿಯಲು ನಿಂತಾಗ ತುತ್ತೂರಿಯಣ್ಣ ಧೈರ್ಯ ಮಾಡಿ ಕಾರ್ಯದರ್ಶಿಯ ಹತ್ತಿರ ಹೋದ. ವಿಷಯ ಹೇಳಿದ. ಕಾರ್ಯದರ್ಶಿ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದರು.

“ನಿಮ್ಮ ಓಣಿಗೆ ಯಾಕಪ್ಪ ಬರ್ಬೇಕು? ನೀವು ನಮ್ಮವರೇ ಅಲ್ವಾ? ಮನೆಯವರಿಗೆ ಯಾರಾದ್ರೂ ಆಮಂತ್ರಣ ಕೊಡ್ತಾರಾ?”

“ಐದು ನಿಮಿಷ ಸಾಕು ಸಾರ್. ಅಮ್ಮ ಕುರ್ಚಿ ಒರೆಸಿಟ್ಟಿದ್ದಾರೆ.”

“ಅಮ್ಮನಿಗೆ ನಮಸ್ಕಾರ ಹೇಳು. ಅಲ್ಲಪ್ಪ, ನಮಗೆ ಹಾಕದೆ ಇನ್ಯಾರಿಗೆ ಹಾಕ್ತೀರಿ? ಗರಗಸದವರು ಬಂದ್ರೆ ನಿಮ್ಮ ಗತಿ ಏನು, ಯೋಚನೆ ಮಾಡು,” ಎಂದು ನಗುತ್ತಲೇ ಹೆದರಿಸಿ ಕಾರ್ಯದರ್ಶಿ ಮುಂದೆ ಹೋದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ತುತ್ತೂರಿಯಣ್ಣನಿಗೆ ಗೊತ್ತಿತ್ತು. ಆ ಗಿಡ ತಾನೇ ಎಂಬುದು ಅವತ್ತು ತಿಳಿಯಿತು.

ಊಟವಾಯಿತು. ಹಸಿರು ಪಟ್ಟಿ ಹೆಗಲೇರಿತು. ಗರಗಸದ ಸಂಚಾಲಕರನ್ನು ಕಂಡು ಅದೇ ಮಾತು ಕೇಳಿದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮ ಓಣಿಗಾ? ನೀವು ಅವರವರು. ನಾವು ಬಂದು ಕಾಲಿಗೆ ಬಿದ್ರೂ ನಮಗೆ ಹಾಕಲ್ಲ. ಸುಮ್ನೆ ಹೊತ್ತು ಹಾಳು.”

“ನೀವು ಒಂದು ಸಲಾನೂ ಬಂದಿಲ್ಲ, ಸಾರ್.”

“ನೀವು ಒಂದು ಸಲಾನೂ ಹಾಕಿಲ್ಲವಲ್ಲ,” ಎಂದರು ಸಂಚಾಲಕರು. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ, ಅದೇ ಕಷ್ಟ.

ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು, ಬ್ಯಾಂಡಿನ ಮುಂದೆ ತುತ್ತೂರಿಯಣ್ಣ, ಹಿಂದೆ ಬಾವುಟಗಳು, ಅವುಗಳ ಹಿಂದೆ ತೆರೆದ ವ್ಯಾನಿನಲ್ಲಿ ಕೈಮುಗಿದು ನಿಂತ ಅಭ್ಯರ್ಥಿ, ಅವರ ಹಿಂದೆ ಜನವೋ ಜನ. ತುತ್ತೂರಿಯಣ್ಣ ಊದುತ್ತಿದ್ದದ್ದು ಗೆಲುವಿನ ಹಾಡು, ಕಣ್ಣ ಮುಂದಿದ್ದದ್ದು ಬೆತ್ತದ ಕುರ್ಚಿ. ಅಮ್ಮ ಕಿಟಕಿಗೆ ಕಿವಿ ಕೊಟ್ಟು ಕಾಯುತ್ತಿರುತ್ತಾಳೆ. ಸಂಜೆ ಏನೆಂದು ಮುಖ ತೋರಿಸುವುದು? ಅವಳಿಗೆ ಬೇಕಾದದ್ದು ಅರಮನೆಯಲ್ಲ, ಆಸ್ತಿಯಲ್ಲ, ಯಾರೋ ಒಬ್ಬರು ಬಂದು ಒಂದು ಗಳಿಗೆ ಕೂರುವುದು. ಅಷ್ಟನ್ನೂ ಕೊಡಲಾಗದ ಮಗ ತಾನು ಎಂದುಕೊಂಡ.

ಓಣಿಯ ಬಾಯಿ ಬಂತು. ಮೆರವಣಿಗೆ ಎಡಕ್ಕೆ ತಿರುಗಬೇಕು. ತುತ್ತೂರಿಯಣ್ಣ ಬೇಕೆಂದೇ ಮಾಡಿದನೋ, ವರ್ಷಗಟ್ಟಲೆ ಮನೆಗೆ ಹೋಗಿ ಅಭ್ಯಾಸವಾದ ಕಾಲು ತಾನಾಗಿ ಹೋಯಿತೋ, ದೇವರಿಗೇ ಗೊತ್ತು. ಅವನು ಬಲಕ್ಕೆ ತಿರುಗಿ ಓಣಿಯೊಳಗೆ ನಡೆದುಬಿಟ್ಟ.

ತುತ್ತೂರಿ ಹೋದ ಕಡೆ ಡ್ರಮ್ಮು, ಡ್ರಮ್ಮು ಹೋದ ಕಡೆ ಬಾವುಟ, ಬಾವುಟ ಹೋದ ಕಡೆ ವ್ಯಾನು. ನಾಲ್ಕು ಮನೆ ದಾಟಿದ ಮೇಲೆ, ಗುಡಿಸಿಟ್ಟ ಬಾಗಿಲುಗಳ ಮುಂದೆ ಸಾಲಾಗಿ ನಿಂತ ನೆಂಟರಿಷ್ಟರನ್ನು ಕಂಡಾಗಲೇ ಅವನಿಗೆ ಎಚ್ಚರವಾದದ್ದು. ಜೀವ ಬಾಯಿಗೆ ಬಂತು. ಅಲ್ಲಿ ಜಾಗವಿಲ್ಲದೆ ತುತ್ತೂರಿ ತುಟಿಯಿಂದ ಜಾರಿತು.

“ಎಲ್ಲಿಗೆ ಕರ್ಕೊಂಡು ಬಂದೆ ಮಾರಾಯ?” ಎಂದ ಹಿಂದಿನಿಂದ ಡ್ರಮ್ಮಿನ ಗೆಳೆಯ.

“ಮನೆಗೆ,” ಎಂದ ತುತ್ತೂರಿಯಣ್ಣ.

ನಿಲ್ಲೋಣವೆಂದರೆ ಹಿಂದಿನ ಜನ ನೂಕುತ್ತಿದ್ದರು. ಓಣಿ ಬೇಕರಿಯ ತಿರುವಿನ ತನಕ ಅಗಲವಾಗಿತ್ತು, ತಿರುವಿನಲ್ಲಿ ಸೀಸೆಯ ಕತ್ತಿನಂತೆ ಸಣ್ಣಗಾಗುತ್ತಿತ್ತು. ವ್ಯಾನು ಬಂದು ಬೇಕರಿಯ ಕಲ್ಲು ಮೆಟ್ಟಿಲಿಗೂ ಎದುರು ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮುಂದಕ್ಕೆ ಹೋಗದು, ಹಿಂದಕ್ಕೆ ಬಿಡರು. ರಾತ್ರಿಯಿಡೀ ಒಲೆ ಮುಂದೆ ದುಡಿದು ಹಗಲು ಮಲಗುವ ಬೇಕರಿಯವರು ಬನಿಯನ್ನಿನಲ್ಲೇ ಎದ್ದು ಬಂದರು. ಅವರ ನಿದ್ದೆಗೆಂದೇ ಆ ಮನೆಯಲ್ಲಿ ತುತ್ತೂರಿಯಣ್ಣ ಒಂದು ದಿನವೂ ತುತ್ತೂರಿ ಮುಟ್ಟಿದವನಲ್ಲ. ಈಗ ಇಡೀ ಊರೇ ಅವರ ಮಂಚದ ಪಕ್ಕ ಬಂದು ನಿಂತಿತ್ತು.

ಆಚೆಯವರ ನಡುವೆ ಸಿಕ್ಕಿಬಿದ್ದೆನಲ್ಲ ಎಂದು ಅಭ್ಯರ್ಥಿಯ ಮುಖ ಬಿಳುಪೇರಿತು. ಬೇಕರಿ ಅತ್ತೆ ಅವರ ಕೈ ಹಿಡಿದು ವ್ಯಾನಿನಿಂದ ಇಳಿಸಿದಳು. “ಬನ್ನಿ ಸಾರ್, ಅಮ್ಮ ಕಾಯ್ತಿದ್ದಾರೆ,” ಎಂದು ಮಹಡಿ ಹತ್ತಿಸಿಯೇಬಿಟ್ಟಳು. ಪೇಪರ್ ಮಾವ ಚರಂಡಿಯ ವಿಷಯ ಶುರು ಮಾಡಿ ಹಿಂದೆಯೇ ಹತ್ತಿದರು.

ಹೀಗೆ ಬೆತ್ತದ ಕುರ್ಚಿ ತುಂಬಿತು. ಅಮ್ಮ ಎದುರಿಗೆ ಮಂಚದಲ್ಲಿ ಕೈಕಟ್ಟಿ ಕೂತಳು. ಅಭ್ಯರ್ಥಿ ನೀರು ಕುಡಿದರು. ಫೋನಿನಲ್ಲಿ ಪಿಸುಪಿಸು ಮಾತಾಡಿದರು. ಒಂದು ಪ್ರಶ್ನೆಯನ್ನೂ ಕೇಳಿದರು. “ಅಮ್ಮಾ, ಇಲ್ಲಿ ಹಿಂದಿನ ಬಾಗಿಲು ಇದೆಯಾ?”

ವ್ಯಾನನ್ನು ಹತ್ತು ಜನ ಎತ್ತಿ ಹಿಂದಕ್ಕೆ ಸರಿಸಿದ ಮೇಲೆ ಅವರು ಹೋದರು. ಮೂಲೆಯಲ್ಲಿ ನಿಂತಿದ್ದ ತುತ್ತೂರಿಯಣ್ಣನಿಗೆ ಮಾತ್ರ ಎದೆ ತುಂಬಿ ಬಂದಿತ್ತು. ಬೈಗುಳ ಎಷ್ಟಾದರೂ ಬರಲಿ, ಕೊಟ್ಟ ಮಾತು ಉಳಿಯಿತು.

ಬೈಗುಳ ಬರುವ ಮೊದಲು ವಿಶ್ಲೇಷಣೆ ಬಂತು. ಸಂಜೆ ಕ್ಷೌರದಂಗಡಿಯ ಟೀವಿಯ ಮುಂದೆ ಓಣಿಯೇ ನೆರೆದಿತ್ತು. ಗರಗಸದ ಅಭ್ಯರ್ಥಿ ಓಣಿಗೆ ಹೋದದ್ದನ್ನೇ ಹಿಡಿದು, ಆಚೆ ದಡದವರ ಒಲವು ಬದಲಾದದ್ದೇಕೆ ಎಂದು ಮೂವರು ಪಂಡಿತರು ಕೂತು ಚರ್ಚಿಸುತ್ತಿದ್ದರು. ಬೆಲೆ ಏರಿಕೆ ಎಂದರು ಒಬ್ಬರು. ನಾಯಕತ್ವದ ಕೊರತೆ ಎಂದರು ಇನ್ನೊಬ್ಬರು. ಮೂರನೆಯವರು ಕನ್ನಡಕ ತೆಗೆದು, ಇದು ಗರಗಸ ಪಕ್ಷ ವರ್ಷಗಳಿಂದ ಗುಟ್ಟಾಗಿ ಹೂಡಿದ ತಂತ್ರ ಎಂದರು. ಎಲ್ಲರೂ ತಿರುಗಿ ಆ ಗುಟ್ಟಿನ ತಂತ್ರವನ್ನು ನೋಡಿದರು. ಅದು ಬಾಗಿಲಲ್ಲಿ ಕೆಂಪು ಕೋಟು ಹಾಕಿಕೊಂಡು ನಿಂತಿತ್ತು.

“ತಂತ್ರವೋ ಮಂತ್ರವೋ,” ಎಂದರು ಪೇಪರ್ ಮಾವ, “ಬಂದು ಕೂತವರಿಗೆ ನನ್ನ ವೋಟು. ಬಾರದವರಿಗೆ ಎಷ್ಟು ದಿನ ಅಂತ ಹಾಕೋದು?” ಹೌದು ಹೌದು ಎಂದರು ಉಳಿದವರು.

ಅಲ್ಲಿಗೇ ಕೊಡೆಯ ಕಾರ್ಯದರ್ಶಿ ಬೆವರೊರೆಸುತ್ತಾ ಬಂದರು. “ನಮ್ಮವರು ಅಂದ್ಕೊಂಡಿದ್ದೆ,” ಎಂದರು ನೊಂದು. “ಹೋದ್ರಿ. ಹೋದವರ ಓಣಿಗೆ ಇನ್ನು ನಾವ್ಯಾಕೆ ಬರ್ಬೇಕು? ನಿನ್ನ ತುತ್ತೂರಿಯೂ ನಮಗೆ ಬೇಡ.” ಅವರು ಹೋದದ್ದೇ ಗರಗಸದ ಸಂಚಾಲಕರು ಬಂದು ತುತ್ತೂರಿಯಣ್ಣನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದರು. “ಇನ್ನು ನೀವು ನಮ್ಮವರೇ. ಇನ್ನು ನಿಮ್ಮ ಓಣಿಗೆ ಬರೋ ತಾಪತ್ರಯವೇ ಇಲ್ಲ. ಹಾಂ, ಮುಂದಿನ ಸಲ ಊದೋಕೆ ಬೇರೆಯವರನ್ನ ನೋಡ್ತೀವಿ. ನಿನಗೆ ದಾರಿ ಗೊತ್ತಾಗಲ್ಲ.”

ತುತ್ತೂರಿಯಣ್ಣ ಕಾಲೆಳೆದುಕೊಂಡು ಮಹಡಿ ಹತ್ತಿದ. ಅಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ತಾನೇ ಕೂತಿದ್ದಳು.

“ನೋಡಿದೆಯಾಮ್ಮ? ಕರ್ಕೊಂಡು ಬಂದೆ,” ಎಂದ.

“ನೋಡಿದೆ,” ಎಂದಳು ಅಮ್ಮ. ದನಿಯಲ್ಲಿ ಜೀವವಿರಲಿಲ್ಲ. “ಜನ ಬಂತು, ಗಲಾಟೆ ಬಂತು. ತುತ್ತೂರಿ ಎಲ್ಲೋ?”

“ತುತ್ತೂರಿ?”

“ಆ ದೊಡ್ಡ ಮನುಷ್ಯ ಅವತ್ತು ತಾನಾಗಿ ಬಂದ ಅಂದ್ಕೊಂಡಿದ್ದೀಯಾ? ನೀನು ಹುಟ್ಟಿ ವಾರ ಆಗಿತ್ತು. ನಿಮ್ಮಪ್ಪನಿಗೆ ಪ್ರಚಾರದ ಕೆಲಸ, ನಿನ್ನ ಮುಖ ನೋಡೋಕೂ ಬಿಡುವಿಲ್ಲ. ತಡೆಯಲಾರದೆ ಮೆರವಣಿಗೆ ಮುಂದೆ ತುತ್ತೂರಿ ಊದ್ತಾ ಊದ್ತಾ ಸೀದಾ ಓಣಿಗೇ ನುಗ್ಗಿಬಿಟ್ರು. ಜೀಪು ಈ ತಿರುವಿನಲ್ಲೇ ಸಿಕ್ಕಿಹಾಕ್ಕೊಂಡಿತು. ಆ ಮನುಷ್ಯ ಬೇರೆ ದಾರಿ ಇಲ್ಲದೆ ಇಲ್ಲಿ ಬಂದು ಕೂತ. ಸುಮ್ನೆ ಕೂರೋಕೆ ಆಗದೆ ಮಗು ಹೆಸರೇನು ಅಂದ. ಅಲ್ಲಿವರೆಗೆ ನಮ್ಮ ಓಣಿ ವೋಟೆಲ್ಲ ದೀಪದ ಪಕ್ಷಕ್ಕೆ ಕಣೋ.”

ತುತ್ತೂರಿಯಣ್ಣ ನೆಲದ ಮೇಲೆ ಕೂತುಬಿಟ್ಟ. “ಮತ್ತೆ ಈ ಕುರ್ಚಿ ಒರೆಸ್ತಿದ್ದದ್ದು?”

“ಮೆರವಣಿಗೆ ಬಂದ್ರೆ ತಾನೇ ತುತ್ತೂರಿ ಬರೋದು?” ಎಂದಳು ಅಮ್ಮ ಕಿಟಕಿಯ ಕಡೆ ತಿರುಗಿ. “ಯಾವನು ಬಂದು ಕೂತರೆ ನನಗೇನು? ಓಣಿಯೊಳಗೆ ಹಾಗೆ ಊದ್ತಾ ಬರೋದು ಇನ್ನೊಂದು ಸಲ ಕೇಳಬೇಕು ಅನ್ನಿಸ್ತಿತ್ತು. ನಿಮ್ಮಪ್ಪ ಬಂದ ಹಾಗೇ ಇರುತ್ತಲ್ಲ ಅಂತ.”

ತುತ್ತೂರಿಯಣ್ಣನ ಕಣ್ಣು ತುಂಬಿತು. ಇಷ್ಟು ವರ್ಷ ಊರಿಗೆಲ್ಲ ಊದಿದೆ, ಇವಳಿಗೆ ಊದಲಿಲ್ಲ. ಅವನು ತುತ್ತೂರಿ ಎತ್ತಿಕೊಂಡು ಮೆಟ್ಟಿಲಿಳಿದ. ಓಣಿಯ ಬಾಯಿಗೆ ಹೋಗಿ, ಅಲ್ಲಿಂದ ಮನೆಯ ತನಕ ಊದುತ್ತಾ ಬರುವುದೆಂದು ನಿಶ್ಚಯಿಸಿದ್ದ. ಯಾವ ಬೇಕರಿಯವರು ಎದ್ದರೂ ಏಳಲಿ.

ಮಬ್ಬು ಕತ್ತಲಾಗಿತ್ತು. ಮಧ್ಯಾಹ್ನದ ಗಲಾಟೆಯ ನಿಮಿತ್ತ ಬೇಕರಿಯ ಮೆಟ್ಟಿಲ ಬಳಿ, ಸರಿಯಾಗಿ ಅಮ್ಮನ ಕಿಟಕಿಯ ಕೆಳಗೆ, ಒಬ್ಬ ಪೊಲೀಸಪ್ಪನನ್ನು ಕಾವಲು ಹಾಕಿದ್ದರು.

“ಎಲ್ಲಿಗೆ? ಪ್ರಚಾರ ಮುಗಿದಿದೆ. ಇನ್ನು ಊದಿದ್ರೆ ಕೇಸು. ಯಾವ ಪಕ್ಷ?”

“ಪಕ್ಷ ಅಲ್ಲ ಸಾರ್. ನಮ್ಮಮ್ಮನಿಗೆ.”

“ಎಲ್ಲರೂ ತಾಯಿ ಸೇವೆ ಅಂತಲೇ ಹೇಳೋದು,” ಎಂದು ಪೊಲೀಸಪ್ಪ ತುತ್ತೂರಿಯನ್ನು ಕಿತ್ತುಕೊಂಡ. “ಎಣಿಕೆ ಆದ ಮೇಲೆ ಠಾಣೆಗೆ ಬಂದು ತಗೊಂಡು ಹೋಗು.” ಅದನ್ನು ತಿರುಗಿಸಿ ನೋಡಿದ. ಒಳಗೇನಾದರೂ ಬಚ್ಚಿಟ್ಟಿದೆಯೋ ಎಂದು ಅಲ್ಲಾಡಿಸಿದ. ಆಮೇಲೆ, ವಶಪಡಿಸಿಕೊಂಡ ಮಾಲನ್ನು ಪರೀಕ್ಷಿಸುವುದು ಕರ್ತವ್ಯವೆಂಬಂತೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಶಕ್ತಿಯಿದ್ದಷ್ಟೂ ಊದಿದ. ಕಾಲು ತುಳಿಸಿಕೊಂಡ ಎಮ್ಮೆಯಂಥ ದನಿಯೊಂದು ಓಣಿಯನ್ನೆಲ್ಲ ಸುತ್ತಿ ಬಂತು.

ತುತ್ತೂರಿಯಣ್ಣ ಬರಿಗೈಯಲ್ಲಿ ಮೇಲೆ ಬಂದ. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

“ಕೇಳಿಸ್ತು ಕಣೋ,” ಎಂದು ಅವನ ಕೈ ಹುಡುಕಿ ಹಿಡಿದುಕೊಂಡಳು. “ಓಣಿಯೊಳಗೇ ಬಂದು ಊದಿದೆಯಲ್ಲ, ನನಗೆ ಅಷ್ಟು ಸಾಕು.”

ಅವನು ಕೈಯನ್ನು ಅವಳ ಕೈಯಲ್ಲೇ ಬಿಟ್ಟು ಕುರ್ಚಿಯ ಪಕ್ಕ ನೆಲಕ್ಕೆ ಕೂತ.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದಳು ಅಮ್ಮ, ಅವನ ಕೈ ಸವರುತ್ತಾ. “ಇಷ್ಟು ವರ್ಷ ಇದನ್ನೇ ಊದ್ತಿದ್ದೀಯಾ? ಪಾಪ, ಆ ಪಕ್ಷದವರು ನಮ್ಮ ಓಣಿಗೆ ಯಾಕೆ ಬರ್ತಿರಲಿಲ್ಲ ಅಂತ ನನಗೆ ಈಗ ಗೊತ್ತಾಯ್ತು.”

“ತುಟಿ ಒಣಗಿತ್ತಮ್ಮ,” ಎಂದ ತುತ್ತೂರಿಯಣ್ಣ.