ಮಗ್ಗ ನಿಂತರೆ ಓಣಿಗೆಲ್ಲ ಗೊತ್ತು

ಎಲ್ಲರ ಹೊಟ್ಟೆಯ ಗುಟ್ಟು ಅವರವರ ಹೊಟ್ಟೆಯಲ್ಲೇ ಉಳಿಯುತ್ತದೆ. ನನ್ನದು ಮಾತ್ರ ಓಣಿಗೆಲ್ಲ ತಿಳಿಯುತ್ತದೆ. ತಪ್ಪು ನನ್ನದಲ್ಲ, ನನ್ನ ಪವರ್‌ಲೂಮಿನದು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ದಿನವಿಡೀ ಖಟಖಟ ಕೇಳಿ ಪಳಗಿದ ಕಿವಿಗಳಿಗೆ ಯಾರ ಮಗ್ಗ ನಿಂತಿತೆಂಬುದು ಕೂಡಲೇ ಗೊತ್ತಾಗುತ್ತದೆ. ನಾನು ಸಂಡಾಸಿಗೆ ಓಡಿದಾಗಲೆಲ್ಲ, ದಿನಕ್ಕೆ ಏಳೆಂಟು ಸಲ, ನನ್ನದು ನಿಲ್ಲುತ್ತದೆ. ಮೊದಮೊದಲು ನೂಲು ಹರಿಯಿತು ಎನ್ನುತ್ತಿದ್ದೆ. ಅಷ್ಟು ನೂಲು ಹರಿಯುವ ಮಗ್ಗವನ್ನು ಗುಜರಿಗೆ ಹಾಕುವುದೇ ಒಳ್ಳೆಯದೆಂದು ಓಣಿಯ ಹಿರಿಯರು ಸಲಹೆ ಕೊಟ್ಟರು.

ಜಮಖಂಡಿಯ ಡಾಕ್ಟರು ರಕ್ತ, ಸ್ಕ್ಯಾನಿಂಗ್ ಎಲ್ಲ ನೋಡಿ, ಇದು ಐಬಿಎಸ್, ಕರುಳು ಸ್ವಲ್ಪ ಸಿಡುಕು ಸ್ವಭಾವದ್ದು, ಚಿಂತೆ ಮಾಡಿದರೆ ಹೆಚ್ಚಾಗುತ್ತದೆ ಎಂದರು. ಅಂದಿನಿಂದ ಎಲ್ಲಿ ಚಿಂತೆ ಮಾಡಿಬಿಡುತ್ತೇನೋ ಎಂಬ ಚಿಂತೆ ಹತ್ತಿಕೊಂಡಿತು. ಸಿಡುಕುವುದರಲ್ಲಿ ಕರುಳು ಯಜಮಾನನನ್ನೇ ಹೋಲುತ್ತದೆ ಎಂದಳು ಹೆಂಡತಿ.

ಅಷ್ಟರಲ್ಲಿ ಮುಧೋಳದಿಂದ ಅಕ್ಕನ ಫೋನ್. ಮಗಳ ನಿಶ್ಚಯ, ಸೋದರಮಾವ ಬರಲೇಬೇಕು. ಮುಧೋಳ ದೂರವೇನಲ್ಲ, ಆದರೆ ಬಸ್ಸಿನಲ್ಲಿ ಸೀಟು ಸಿಕ್ಕೀತು, ಸಂಡಾಸು ಸಿಗುವುದಿಲ್ಲ. ಕೆಲಸ ಬಹಳ ಇದೆ ಎಂದೆ.

"ನೀ ಬರಲಿಲ್ಲಂದ್ರ ತವರಮನಿ ಹೊಸ್ತಿಲಾ ನಾ ತುಳಿಯಾಂಗಿಲ್ಲ ನೋಡು" ಎಂದು ಫೋನ್ ಇಟ್ಟಳು.

ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳೇ. ನನಗೆ ಅಳು ಬಂತು. ಅದರ ಜೊತೆಗೆ ಇನ್ನೊಂದೂ ಬಂತು. ಓಣಿಗೆ ತಿಳಿಯದಿರಲೆಂದು ಈ ಸಲ ಮಗ್ಗವನ್ನು ನಿಲ್ಲಿಸದೆಯೇ ಓಡಿದೆ. ಹಳೆಯ ಮಗ್ಗ, ಲಾಳಿಯಲ್ಲಿ ನೂಲು ಮುಗಿದರೂ ತಾನಾಗಿ ನಿಲ್ಲುವುದಿಲ್ಲ. ತಿರುಗಿ ಬಂದಾಗ ಎದುರುಮನೆಯ ಗುರುಪಾದಣ್ಣ ಅದನ್ನು ಬಂದ್ ಮಾಡಿ ನಿಂತಿದ್ದ. ಖಾಲಿ ಲಾಳಿಯ ಸದ್ದು ಅವನಿಗೆ ತನ್ನ ಮನೆಯಲ್ಲೇ ಕೇಳಿಸಿತ್ತು. ನೇಯುತ್ತಿದ್ದ ಸೀರೆಯಲ್ಲಿ ಗೇಣುದ್ದ ಬರೀ ಉದ್ದೆಳೆಯ ಹಾಸು, ಅಡ್ಡೆಳೆಯ ಹೊಕ್ಕೇ ಇಲ್ಲ.

"ಹೊಟ್ಟೀದಲ್ಲೇನು ತಮ್ಮಾ? ನಂದೂ ಅದ ಕಥಿ, ಹತ್ತ ವರ್ಷಾತು. ಕರೆಂಟ್ ಹ್ವಾದ್ರ ಎಲ್ಲಾರ ಮಗ್ಗಾನೂ ನಿಲ್ತಾವು, ಅದನ್ನ ಕಾಯತೇನಿ. ಇನ್ನ ಮ್ಯಾಲೆ ನೀ ಹ್ವಾದಾಗ ನಿನ್ನ ಮಗ್ಗ ನಾ ನೋಡ್ತೇನಿ, ನಾ ಹ್ವಾದಾಗ ನಂದ ನೀ ನೋಡು" ಎಂದ.

ಇಷ್ಟು ವರ್ಷ ಊರಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಆ ಕ್ಷಣ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಕೈ ತೊಳೆದುಕೊಂಡು ತಬ್ಬಿಕೊಂಡೆ.

ಮುಧೋಳಕ್ಕೂ ಅವನೇ ಜೊತೆಗೆ ಬಂದ. ಎಲ್ಲಿ ಇಳಿಯಬಹುದು, ಯಾವ ಹೋಟೆಲಿನವನು ಸಂಡಾಸಿನ ಕೀಲಿ ಕೊಡುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಆ ಧೈರ್ಯಕ್ಕೇ ಎಲ್ಲಿಯೂ ಇಳಿಯದೆ ಮುಟ್ಟಿದೆವು. ಅಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಮಿರ್ಚಿ ಭಜಿಯನ್ನು ಆಸೆಯಿಂದ ನೋಡಿ, ಬೇಡವೆಂದರು. ವಿಚಾರಿಸಿದರೆ ಅವರದೂ ನಮ್ಮದೇ ಹೊಟ್ಟೆ. ಅವರನ್ನು ಹಿತ್ತಲಿಗೆ ಕರೆದೊಯ್ದು, ಡಾಕ್ಟರು ಹೇಳಿದ್ದು, ಗುರುಪಾದಣ್ಣ ಹೇಳಿದ್ದು, ನಾನೇ ಕಂಡುಕೊಂಡದ್ದು ಎಲ್ಲವನ್ನೂ ಸಾವಕಾಶವಾಗಿ ತಿಳಿಸಿದೆ. ಒಳಗೆ ಬರುವಷ್ಟರಲ್ಲಿ ಉಂಗುರ ತೊಡಿಸಿ ನಿಶ್ಚಯವೇ ಮುಗಿದಿತ್ತು. ಸೋದರಮಾವ ಎಲ್ಲಿ ಎಂದು ಮನೆಯೆಲ್ಲ ಹುಡುಕಿದ್ದರಂತೆ.

ಅಕ್ಕ ಸಿಟ್ಟಾಗಲಿಲ್ಲ. ಹತ್ತಿರ ಬಂದು ತಲೆ ಸವರಿದಳು. "ಇರ್ಲಿ ಬಿಡು, ಪಾಪ, ಗುರುಪಾದಣ್ಣ ನಂಗ ಎಲ್ಲಾ ಹೇಳಿದ. ಹೊಟ್ಟಿ ಕೆಟ್ಟೈತಿ ಅಂತ ನಾನ ಎಲ್ಲಾರಿಗೂ ಹೇಳೇನಿ."

ಆ ಹೊತ್ತು ನನ್ನ ಹೊಟ್ಟೆ ಯಾವ ತಪ್ಪನ್ನೂ ಮಾಡಿರಲಿಲ್ಲ. ನಾನು ಅದನ್ನೇ ಎರಡೂ ಕೈಯಿಂದ ಹಿಡಿದುಕೊಂಡು, ಮುಖ ಸಣ್ಣದು ಮಾಡಿ ನಿಂತೆ.