ಚಕ್ಕಡಿಗೆ ಹೋದ ಕಾರಿನ ಗಾಲಿಗಳ ಕುರಿತು

ಹಳೆಯ ವಾಹನಗಳ ನೈಜತೆ ಪರೀಕ್ಷಾ ಸಮಿತಿಯ ಮಾನ್ಯ ಅಧ್ಯಕ್ಷರೇ, ತಮ್ಮ ಬೆನ್ನ ಹಿಂದೆ ಭೂತಗನ್ನಡಿ ಹಿಡಿದು ನಿಲ್ಲುವ ಸಕಲ ಸದಸ್ಯರೇ,

ನವಲಗುಂದ ತಾಲೂಕಿನ ತಿರ್ಲಾಪುರದಿಂದ ಗೌರೀಶನ ಶರಣು ಶರಣಾರ್ಥಿ. ನಾವೆಲ್ಲ ಕ್ಷೇಮ, ನಮ್ಮ ಕಾರಿನ ಕ್ಷೇಮ ತಮ್ಮ ಕೈಯಲ್ಲಿದೆ.

ನನ್ನ ಅಜ್ಜಿ ರೇವವ್ವ ಮದುಮಗಳಾಗಿ ಈ ಊರಿಗೆ ಬಂದದ್ದು ಇದೇ ಕಾರಿನಲ್ಲಿ. ಹುಬ್ಬಳ್ಳಿಯಲ್ಲಿ ತಾವು ವರ್ಷಕ್ಕೊಮ್ಮೆ ನಡೆಸುವ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅದರೊಳಗೆ ಕೂತು ಒಂದು ಸುತ್ತು ಬರಬೇಕೆಂಬುದೊಂದೇ ಅವಳ ಆಸೆ.

ಹೋದ ವರ್ಷ ತಾವು ಮೊಣಕಾಲೂರಿ ನಮ್ಮ ಉಕ್ಕಿನ ಗಾಲಿಗಳನ್ನು ಪರೀಕ್ಷಿಸಿ, ಈ ಮಾದರಿಗೆ ತಂತಿ ಕಡ್ಡಿಯ ಗಾಲಿಗಳೇ ಮೂಲವೆಂದೂ ಇವು ಯಾವುದೋ ಎತ್ತಿನ ಚಕ್ಕಡಿಯವೆಂದೂ ತೀರ್ಪಿತ್ತು, ಅಜ್ಜಿಯನ್ನು ಕಾರಿನಿಂದ ಇಳಿಸಿದಿರಿ. ರೇವವ್ವ ತನ್ನ ಲಗ್ನದ ಫೋಟೋ ಮುಂದಿಟ್ಟು, “ನೋಡ್ರಿ ಸಾಹೇಬ್ರ, ನಾ ಕಾರಿನಿಂದ ಇಳಿಯೂ ಮುಂದ ಬಾಜೂಕ ಇದ ಗಾಲಿ ಐತ್ರಿ” ಎಂದಾಗ, ಮನೆಯ ಫೋಟೋಗಳು ಇತಿಹಾಸವಲ್ಲವೆಂದು ತಿಳಿಹೇಳಿ, ಆದರೂ ಪರಿಶೀಲನೆಗೆ ಇರಲೆಂದು ಅದನ್ನು ಇಟ್ಟುಕೊಂಡಿರಿ.

ತಿಳಿದವರ ಮಾತು ಮೀರುವ ಮನೆತನ ನಮ್ಮದಲ್ಲ. ತಾವು ಚಕ್ಕಡಿಯವು ಎಂದ ಮೇಲೆ ಅವು ಚಕ್ಕಡಿಯ ಕೆಳಗೇ ಇರಬೇಕೆಂದು ಎರಡನ್ನು ನಮ್ಮ ಚಕ್ಕಡಿಗೆ ಹಾಕಿ, ಉಳಿದೆರಡನ್ನು ಗುಡಗೇರಿಯ ಬೀಗರ ಚಕ್ಕಡಿಗೆ ಉಡುಗೊರೆ ಕೊಟ್ಟೆ. ಎಲ್ಲೆಲ್ಲಿಂದಲೋ ಹುಡುಕಿ ತರಿಸಿದ ಕಡ್ಡಿಯ ಗಾಲಿಗಳನ್ನು ಕಾರಿಗೆ ಜೋಡಿಸಿದೆ. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಎರೆಮಣ್ಣು ಕಡ್ಡಿಗಳ ಸಂದಿಯಲ್ಲಿ ತುಂಬಿ, ಅವು ರೊಟ್ಟಿ ಹಂಚಿನಂತಾದವು.

ಹಾಗೂ ಹೀಗೂ ಈ ವರ್ಷ ಹುಬ್ಬಳ್ಳಿ ಮುಟ್ಟಿದರೆ, ನಮ್ಮ ದೇಶದಲ್ಲಿ ಮಾರಿದ ಈ ಕಾರಿಗೆ ಉಕ್ಕಿನ ಗಾಲಿಗಳೇ ಇದ್ದವೆಂದು ತಾವು ಹೊಸದಾಗಿ ಸಂಶೋಧಿಸಿ, ಸಿಂಗರಿಸಿಕೊಂಡು ಕೂತಿದ್ದ ಅಜ್ಜಿಯನ್ನು ಮತ್ತೆ ಇಳಿಸಿದಿರಿ. ಸಂಶೋಧನೆಯ ಆಧಾರವೂ ತಮ್ಮ ಸ್ಮರಣ ಸಂಚಿಕೆಯ ಮುಖಪುಟದಲ್ಲೇ ಇತ್ತು: ನಮ್ಮ ರೇವವ್ವನ ಲಗ್ನದ ಫೋಟೋ! ಮದುಮಗಳನ್ನು ಕತ್ತರಿಸಿ ಗಾಲಿಯನ್ನು ಒಂದು ಗೀರೂ ಬೀಳದಂತೆ ಉಳಿಸಿಕೊಂಡ ತಮ್ಮ ಕೈಚಳಕಕ್ಕೆ ಸಾವಿರ ಶರಣು. ಅಂಚಿನಲ್ಲಿ ಕಾಲುಂಗುರದ ಒಂದು ಪಾದ ಉಳಿದಿದೆ. ಅದರಡಿಗೆ ತಾವು ‘ಅಪರಿಚಿತ ಮಹಿಳೆ’ ಎಂದು ಅಚ್ಚು ಹಾಕಿಸಿದ್ದೀರಿ. “ಗಾಲಿ ಗುರ್ತ ಸಿಕ್ತು, ನನ್ನ ಗುರ್ತ ಸಿಗಲಿಲ್ಲೇನು?” ಎಂದವಳು ಅಂದು ರೊಟ್ಟಿ ಮುರಿಯಲಿಲ್ಲ. ನನಗೆ ಬಂದ ಸಿಟ್ಟು ಈ ಪತ್ರದ ಸಭ್ಯ ಭಾಷೆಯಲ್ಲಿ ಹಿಡಿಸುವಂಥದ್ದಲ್ಲ.

ಆದ್ದರಿಂದ ಸವಿನಯ ಪ್ರಾರ್ಥನೆ. ಮುಂದಿನ ಸಂಚಿಕೆಯಲ್ಲಿ ಮದುಮಗಳನ್ನು, ಸಾಧ್ಯವಾದರೆ ಅಂದಿನ ವಯಸ್ಸಿನೊಂದಿಗೆ, ಗಾಲಿಯ ಪಕ್ಕಕ್ಕೆ ಮರಳಿ ನಿಲ್ಲಿಸಬೇಕು. ಗುಡಗೇರಿಗೆ ತಾವೇ ದಯಮಾಡಿಸಿ ಆ ಎರಡು ಗಾಲಿಗಳನ್ನು ತರಬೇಕು, ಏಕೆಂದರೆ ಕೊಟ್ಟ ಉಡುಗೊರೆಯನ್ನು ಬೀಗರಿಂದ ಮರಳಿ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನೈಜತೆಯ ವಿಷಯ ಬಂದಿರುವುದರಿಂದ, ಸದಸ್ಯರ ಕರಿಗೂದಲು ಮತ್ತು ಹಲ್ಲುಗಳನ್ನೂ ಒಮ್ಮೆ ಭೂತಗನ್ನಡಿಯ ಕೆಳಗೆ ತರುವುದು ಒಳ್ಳೆಯದು.

ಯಾವ ಬಿಡಿಭಾಗವನ್ನೂ ಬದಲಿಸದ, ತಮ್ಮ ವಿಶ್ವಾಸಿ,
ಗೌರೀಶ

ತಾ.ಕ.: ಆ ಪಾದದ ಗುರುತು ಹಚ್ಚಿಕೊಡಲು ರೇವವ್ವ ಬರುವ ರವಿವಾರ ಸ್ವತಃ ತಮ್ಮ ಕಚೇರಿಗೆ ಬರುತ್ತಿದ್ದಾಳೆ, ಮೂಲ ಗಾಲಿಗಳ ಚಕ್ಕಡಿಯಲ್ಲೇ. ಪಾದ ಮೂಲದ್ದೇ, ದುರಸ್ತಿಯಾಗಿಲ್ಲ, ಬಣ್ಣ ಹಚ್ಚಿಲ್ಲ. ಚಪ್ಪಲಿ ಮಾತ್ರ ಹೊಸದು.