ಮೂಸಾಕನ ಮೈಲು ಪುಸ್ತಕ

ಕುವೈತಿನಿಂದ ಬಂದ ಆ ಲಕೋಟೆಯೊಳಗೆ ಎರಡು ಬಣ್ಣದ ಕಾಗದಗಳು ಇಲ್ಲದಿರುತ್ತಿದ್ದರೆ ಶಿವಸುಬ್ರಹ್ಮಣ್ಯ ಮಾಷ್ಟ್ರ ಭಾನುವಾರ ಎಣ್ಣೆಸ್ನಾನ, ಊಟ, ನಿದ್ದೆಗಳಲ್ಲಿ ಸುಖವಾಗಿ ಮುಗಿದುಹೋಗುತ್ತಿತ್ತು. ತಲೆಗೆ ಎಣ್ಣೆ ತಿಕ್ಕಿಕೊಂಡು, ಬಚ್ಚಲಿನ ನೀರು ಕಾಯುವುದನ್ನೇ ಕಾಯುತ್ತ ಕುಳಿತಿದ್ದ ಹೊತ್ತಿಗೆ ನೆರೆಮನೆಯ ಮೂಸಾಕ ಆ ಕಾಗದಗಳನ್ನು ಹಿಡಿದುಕೊಂಡು ಅಂಗಳಕ್ಕೆ ಬಂದರು. ಮೂಡುಬಿದಿರೆ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅವರಿಗೆ ಮಗ ಕುವೈತಿನಲ್ಲಿ, ಅಳಿಯ ದುಬೈಯಲ್ಲಿ.

"ಮಾಷ್ಟ್ರೇ, ಎಣ್ಣೆ ಆಮೇಲೆ ಹಚ್ಚುವ. ಇದನ್ನು ಸ್ವಲ್ಪ ಓದಿ ಹೇಳಿ. ಎಲ್ಲ ಇಂಗ್ಲಿಷು."

ಒಂದು ಹಸಿರು ಕಾಗದ, ಇನ್ನೊಂದು ಕೆಂಪು. ಎರಡು ಬೇರೆ ಬೇರೆ ವಿಮಾನ ಕಂಪೆನಿಗಳವು. ನಮ್ಮ ವಿಮಾನದಲ್ಲೇ ಪದೇ ಪದೇ ಹಾರಿದರೆ ಹಾರಿದಷ್ಟು ಮೈಲು ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತದೆ, ಸಾಕಷ್ಟು ಮೈಲು ಕೂಡಿದರೆ ಒಂದು ಟಿಕೆಟು ಪುಕ್ಕಟೆ, ಒಂದು ಕುಟುಂಬದವರು ಒಂದೇ ಪುಸ್ತಕದಲ್ಲಿ ಸೇರಬಹುದು ಎಂದು ಎರಡರಲ್ಲೂ ಬರೆದಿತ್ತು.

"ಮಗ ಬರೆದಿದ್ದಾನೆ. ಅವನದ್ದು, ಅಳಿಯನದ್ದು ಎರಡೂ ಒಂದೇ ಕಡೆ ಸೇರಿಸಿದರೆ ನಾಲ್ಕು ವರ್ಷದಲ್ಲಿ ನನ್ನ ಹೆಂಡತಿ ಸೌದಾ ಒಮ್ಮೆ ಹೋಗಿ ಮಗನ ಬಿಡಾರ ನೋಡಿ ಬರ್ಬಹುದಂತೆ. ಆದರೆ ಯಾವ ಕಂಪೆನಿ ಒಳ್ಳೇದು? ಅಳಿಯನ ಹತ್ರ ಕೇಳಿದರೆ ಎರಡೂ ಬೇಡ ಮಾಮ ಅಂತಾನೆ. ಅವನಿಗೆ ಎಲ್ಲದಕ್ಕೂ ನಾಚಿಕೆ. ರಜೆ ಮುಗಿದು ಬುಧವಾರ ಬೊಂಬಾಯಿ ಬಸ್ಸು ಹತ್ತಿ ದುಬೈಗೆ ಹೊರಡ್ತಾನೆ, ಅಷ್ಟರೊಳಗೆ ಫಾರಮು ತುಂಬಿಸ್ಬೇಕು. ಈ ಓಣಿಯಲ್ಲಿ ನನ್ನ ಮಗ, ಅಳಿಯನನ್ನು ಬಿಟ್ಟರೆ ವಿಮಾನ ಹತ್ತಿದವರು ನೀವೊಬ್ಬರೇ ಅಲ್ವಾ?"

ಮಾಷ್ಟ್ರು ಎಣ್ಣೆಯ ಬಟ್ಟಲನ್ನು ಸುಮ್ಮನೆ ಆಚೆಗೆ ಸರಿಸಿದರು.

ಐದು ವರ್ಷಗಳ ಹಿಂದೆ ಬೊಂಬಾಯಿಯ ಭಾವ ನಾರಾಯಣಮೂರ್ತಿ ಮಗನ ಉಪನಯನಕ್ಕೆಂದು ಮಾಷ್ಟ್ರಿಗೆ ವಿಮಾನದ ಟಿಕೆಟನ್ನೇ ಕಳಿಸಿದ್ದ. ಮಾಷ್ಟ್ರು ಹೊಸ ಅಂಗಿ ಹಾಕಿಕೊಂಡು ಬಜಪೆಯ ವಿಮಾನ ನಿಲ್ದಾಣಕ್ಕೆ ಹೋದದ್ದು ನಿಜ. ಗಾಜಿನ ಕಿಟಕಿಯಿಂದ ವಿಮಾನವನ್ನು ನೋಡಿದ್ದೂ ನಿಜ. ಆದರೆ ಒಂದು ವಿಮಾನ ಗುಡ್ಡದ ಅಂಚಿಗೆ ಓಡಿ, ಅಲ್ಲಿ ನೆಲ ಮುಗಿದ ಮೇಲೆ ಹಾರಿದ್ದನ್ನು ಕಂಡ ಕ್ಷಣ ಅವರು ಚೀಲ ಎತ್ತಿಕೊಂಡು ಕಿಟಕಿಯಿಂದ ಹಿಂದೆ ಸರಿದರು. ಹೆಸರು ಕೂಗಿದಾಗ ಅವರು ಕಕ್ಕಸಿನ ಚಿಲಕ ಹಾಕಿಕೊಂಡು ಕುಳಿತಿದ್ದರು. ಆಮೇಲೆ ಬಸ್ಸು ಹಿಡಿದು, ಉಪನಯನ ಮುಗಿದ ಮರುದಿನ ಬೊಂಬಾಯಿ ತಲಪಿದರು. ಭಾವನ ಹತ್ತಿರ ವಿಮಾನ ತಪ್ಪಿತು ಎಂದರು, ಬಸ್ಸಿನಲ್ಲೇ ಹಿಂದೆ ಬಂದರು. ಊರಿಗೆ ಬಂದಮೇಲೆ ಹೆಂಡತಿ ತುಂಗಾ, "ಮೇಲಿಂದ ನಮ್ಮ ಊರು ಕಾಣ್ತದಾ?" ಎಂದು ಕಣ್ಣರಳಿಸಿ ಕೇಳಿದಾಗ, ಅವರ ಬಾಯಿ ತಾನಾಗಿಯೇ, "ಸಾವಿರ ಕಂಬದ ಬಸದಿ ಬೆಂಕಿಪೆಟ್ಟಿಗೆಯ ಹಾಗೆ ಕಾಣ್ತದೆ" ಎಂದುಬಿಟ್ಟಿತು. ಆ ಒಂದು ಮಾತಿನಿಂದ ಓಣಿಯಲ್ಲಿ ಅವರು ವಿಮಾನ ಮಾಷ್ಟ್ರಾದರು. ಶಾಲೆಯ ಮಕ್ಕಳು ಕೂಡ ಕೇಳಿದ್ದಾರೆ. ಪ್ರತಿ ಸಲ ಹೇಳುವಾಗಲೂ ಒಳಗೊಳಗೇ ನಾಚಿಕೆ, ಆದರೂ ಪ್ರತಿ ಸಲ ಒಂದಿಷ್ಟು ಮೋಡ ಹೆಚ್ಚಾಗುತ್ತಿತ್ತು.

"ಇದಾ? ಇದರಲ್ಲಿ ಎಂಥ ಉಂಟು, ನೋಡಿ ಹೇಳುವ" ಎಂದರು ಮಾಷ್ಟ್ರು.

ಅಲ್ಲಿಯೇ ನೋಡಿ ಹೇಳಿದ್ದರೆ ಮುಗಿಯುತ್ತಿತ್ತು. ಮೂಸಾಕ ಕೈಹಿಡಿದು ತಮ್ಮ ಜಗಲಿಗೇ ಕರೆದುಕೊಂಡು ಹೋದರು. ಅಲ್ಲಿ ಅಳಿಯ ಅಬ್ದುಲ್ ಮಜೀದ್ ಬೆಂಚಿನ ತುದಿಯಲ್ಲಿ, ಕೆಲಸದ ಸಂದರ್ಶನಕ್ಕೆ ಬಂದವನ ಹಾಗೆ ಕುಳಿತಿದ್ದ. ಗಡಿಯಾರ ಮಿನುಗುತ್ತಿತ್ತು, ಮುಖ ಮಾತ್ರ ಬಾಡಿತ್ತು. ಮಾಷ್ಟ್ರಿಗೆ ಒಂದು ಎಳನೀರು ಬೊಂಡ ಕೆತ್ತಿ ಕೊಟ್ಟರು. ಅದನ್ನು ಕುಡಿದು ಮುಗಿಸುವಷ್ಟರಲ್ಲಿ, ನಿವೃತ್ತ ಪೋಸ್ಟ್ ಮಾಸ್ಟರ್ ವೆಂಕಪ್ಪ ಕೋಲು ಕುಟ್ಟಿಕೊಂಡು ಬಂದರು. ಯಾರ ಮನೆಗೆ ಯಾವ ದೇಶದ ಅಂಚೆಚೀಟಿ ಬರುತ್ತದೆಂದು ಅವರಿಗೆ ಇನ್ನೂ ಬಾಯಿಪಾಠ. ಅವರ ಹಿಂದೆಯೇ ರಜೆಯಲ್ಲಿದ್ದ ಶೀನಪ್ಪ. ಅವನು ಬೆಳ್ತಂಗಡಿ ಬಸ್ಸಿನ ಕಂಡಕ್ಟರ್.

ಮಾಷ್ಟ್ರು ಎರಡೂ ಕಾಗದ ಓದಿದರು. ಸಣ್ಣಕ್ಷರದ ಶರತ್ತುಗಳು ಇರುವೆ ಸಾಲಿನ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತಿದ್ದವು. ಅರ್ಧ ಅರ್ಥವಾಗಲಿಲ್ಲ. ಹಸಿರು ಕಾಗದದಲ್ಲಿ ಅನ್ನ, ದಾಲು, ಮೊಸರು ಇದ್ದ ತಟ್ಟೆಯ ಚಿತ್ರವಿತ್ತು.

"ಹಸಿರು" ಎಂದರು ಮಾಷ್ಟ್ರು ಗಟ್ಟಿಯಾಗಿ. "ಕಣ್ಣುಮುಚ್ಚಿ ಹಸಿರಿಗೆ ಸೇರಿ."

"ಯಾಕೆ?" ವೆಂಕಪ್ಪ ಕನ್ನಡಕ ಏರಿಸಿದರು. "ಕೆಂಪಿನಲ್ಲಿ ಜಮೆಯಾದ ಮೈಲು ವರ್ಷ ಕಳೆದರೂ ಹಾಗೇ ಇರ್ತದೆ ಅಂತ ಬರೆದುಂಟು. ಹಸಿರಿನಲ್ಲಿ ಎರಡು ವರ್ಷಕ್ಕೆ ಸತ್ತುಹೋಗ್ತದೆ."

"ಬರೆಯುವುದು ಬೇರೆ, ಹಾರುವುದು ಬೇರೆ ವೆಂಕಪ್ಪನವರೇ. ಮೇಲೆ ಹೋದವನಿಗೆ ಮಾತ್ರ ಗೊತ್ತಾಗ್ತದೆ. ಕೆಂಪಿನವರದ್ದು ಕುಲುಕು ಜಾಸ್ತಿ."

ಹೇಳಿದ ಮೇಲೆ ಮಾಷ್ಟ್ರಿಗೇ ಕಿವಿ ಬಿಸಿಯಾಯಿತು. ಮಜೀದ್ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ನೆಲ ನೋಡಿದ.

ಶೀನಪ್ಪನಿಗೆ ಯೋಜನೆ ಬಹಳ ಹಿಡಿಸಿತ್ತು. "ಅಲ್ಲ ಮಾಷ್ಟ್ರೇ, ಮೋಡ ಉಂಟು ಅಂತ ವಿಮಾನ ಇಳಿಯದೆ ಮೇಲೆಯೇ ನಾಲ್ಕು ಸುತ್ತು ಹಾಕಿದರೆ ಆ ಮೈಲು ಸಾ ಜಮೆ ಆಗ್ತದಾ?"

"ಆಗ್ತದೆ, ಆಗ್ತದೆ."

"ತಾಯಿಯ ತೊಡೆಯಲ್ಲಿ ಕೂತ ಮಗುವಿಗೆ?"

"ಅರ್ಧ."

"ನಿದ್ದೆ ಮಾಡಿದರೆ?"

"ನಿದ್ದೆ ಮಾಡಿದರೂ ವಿಮಾನ ಹೋಗ್ತದಲ್ಲ ಮಾರಾಯ!"

"ಹಾಗಾದರೆ ಇಪ್ಪತ್ತು ವರ್ಷ ನಿಂತುಕೊಂಡೇ ಬೆಳ್ತಂಗಡಿಗೆ ಹೋಗಿ ಬಂದದ್ದಕ್ಕೆ ನಮ್ಮ ಧಣಿ ನನಗೆ ಒಂದು ಬಸ್ಸೇ ಕೊಡ್ಬೇಕು" ಎಂದು ಶೀನಪ್ಪ ನಿಟ್ಟುಸಿರು ಬಿಟ್ಟ.

ಬಾಗಿಲ ಪರದೆಯ ಹಿಂದಿನಿಂದ ಸೌದಾಳ ಸ್ವರ ಕೇಳಿತು. "ಮಾಷ್ಟ್ರೇ, ನಾನು ಒಬ್ಬಳೇ ಹೋದರೆ ಹೆದರಿಕೆ ಆಗ್ತದಾ?"

ಅಷ್ಟು ಹೊತ್ತು ಬಂದ ಪ್ರಶ್ನೆಗಳಲ್ಲಿ ಇದೊಂದಕ್ಕೆ ಮಾಷ್ಟ್ರಿಗೆ ಸರಿಯಾದ ಉತ್ತರ ಗೊತ್ತಿತ್ತು. ಆದರೂ, "ಛೆ! ಹೆದರಿಕೆ ಎಂಥದ್ದು? ತೊಟ್ಟಿಲಲ್ಲಿ ಮಲಗಿದ ಹಾಗೆ" ಎಂದರು. ಪರದೆಯ ಹಿಂದೆ ಬಳೆಗಳು ಖುಷಿಯಿಂದ ಸದ್ದು ಮಾಡಿದವು. ಆ ಸದ್ದು ಮಾಷ್ಟ್ರ ಎದೆಗೆ ಚುಚ್ಚಿತು.

ಫಾರಮು ತುಂಬುವುದಕ್ಕೆ ಕುಳಿತರು. ಹಿಂದೆ ಹಾರಿದ ಟಿಕೆಟಿನ ನಂಬರು ಬರೆಯಬೇಕೆಂದು ಅದರಲ್ಲಿತ್ತು.

"ಮಜೀದೇ, ನಿನ್ನ ಟಿಕೆಟು ತಾ."

"ಅದು ಬೊಂಬಾಯಿಯ ರೂಮಿನಲ್ಲೇ ಬಿಟ್ಟು ಬಂದಿದ್ದೇನೆ ಮಾಮ" ಎಂದ ಮಜೀದ್. "ಇದೆಲ್ಲ ಬೇಡ ಅಂತ ನಾನು ಹೇಳಿದೆನಲ್ಲ."

"ನೀನು ಸುಮ್ಮನಿರು. ಟಿಕೆಟಿನಲ್ಲಿ ನಂಬರು ಎಲ್ಲಿರ್ತದೆ ಅಂತಲೇ ನಮಗೆ ಗೊತ್ತಿಲ್ಲ."

"ಮಾಷ್ಟ್ರದ್ದು ಉಂಟಲ್ಲ, ಅದನ್ನು ನೋಡುವ" ಎಂದರು ವೆಂಕಪ್ಪ.

"ಅದೆಲ್ಲ ಎಲ್ಲಿ ಹೋಯಿತೋ..." ಎಂದು ಮಾಷ್ಟ್ರು ಹೇಳುತ್ತಿದ್ದಂತೆಯೇ ಬೇಲಿಯ ಆಚೆ ನಿಂತಿದ್ದ ತುಂಗಾ, "ಎಲ್ಲಿಗೂ ಹೋಗ್ಲಿಲ್ಲ. ನಾನು ಜೋಪಾನ ಮಾಡಿದ್ದೇನೆ" ಎಂದು ಕೂಗಿ ಒಳಗೆ ಓಡಿದರು. ಮದುವೆಯ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಟಿಕೆಟನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಲಾರದೆ ಮಾಷ್ಟ್ರು ಖಾಲಿ ಬೊಂಡದೊಳಗೆ ಇಣುಕಿದರು.

ಟಿಕೆಟು ಮೊದಲು ಸಿಕ್ಕಿದ್ದು ಶೀನಪ್ಪನ ಕೈಗೆ. ಅವನು ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಹೆಬ್ಬೆರಳಿನಿಂದ ಸವರಿದ. ಟಿಕೆಟಿನ ವಿಷಯದಲ್ಲಿ ಅವನನ್ನು ಮೋಸಮಾಡಿದವರು ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಯಾರೂ ಇರಲಿಲ್ಲ.

"ಎಂಥ ಮಾಷ್ಟ್ರೇ ಇದು? ತೂತಿಲ್ಲ, ಹರಿದದ್ದಿಲ್ಲ, ಗೀಟು ಸಾ ಇಲ್ಲ. ಹೊಸತಾಗಿ ಉಂಟು. ಹತ್ತುವಾಗ ಯಾರೂ ನೋಡುವುದಿಲ್ಲವಾ?"

ವೆಂಕಪ್ಪ ಕೈ ಚಾಚಿದರು. ಎಣ್ಣೆ ಮಾಷ್ಟ್ರ ಹಣೆಯಿಂದ ಇಳಿದು ಕಣ್ಣಿಗೆ ಬಂತು. ಒರಸಿಕೊಳ್ಳುವ ಧೈರ್ಯವೂ ಅವರಿಗಿರಲಿಲ್ಲ. ತುಂಗಾಳ ಎದುರಿಗೇ, ಇಷ್ಟು ಜನರ ಎದುರಿಗೇ ಮಾನ ಹೋಯಿತು ಎಂದುಕೊಂಡರು.

ವೆಂಕಪ್ಪನ ಕೈಗೆ ಸಿಗುವ ಮೊದಲೇ ಮಜೀದ್ ಎದ್ದು ಬಂದು ಟಿಕೆಟು ಎಳೆದುಕೊಂಡ. ಒಮ್ಮೆ ಪುಟ ತಿರುವಿದ. ಮಾಷ್ಟ್ರ ಮುಖ ನೋಡಿದ.

"ವಿಮಾನದಲ್ಲಿ ತೂತು ಹಾಕುವ ಕ್ರಮ ಇಲ್ಲ ಶೀನಪ್ಪಣ್ಣ" ಎಂದ ಮೆಲ್ಲಗೆ. "ಮಾಷ್ಟ್ರೇ, ಒಂದು ಮಾತುಂಟು. ಬಾವಿಯ ಹತ್ರ ಬನ್ನಿ."

ಬಾವಿಕಟ್ಟೆಯವರೆಗಿನ ಮೂವತ್ತು ಹೆಜ್ಜೆ ಮಾಷ್ಟ್ರಿಗೆ ಬೊಂಬಾಯಿಯಷ್ಟು ದೂರವಾಯಿತು. ಮಜೀದ್ ರಾಟೆಯ ಹಗ್ಗ ಹಿಡಿದುಕೊಂಡು ನಿಂತ.

"ಹತ್ತುವವರ ಟಿಕೆಟಿನ ಎಲೆಯನ್ನು ಅಲ್ಲಿ ಹರಿದು ಇಟ್ಟುಕೊಳ್ತಾರೆ. ನಿಮ್ಮದರಲ್ಲಿ ಎಲ್ಲ ಎಲೆಯೂ ಉಂಟು."

ಮಾಷ್ಟ್ರಿಗೆ ಸುಳ್ಳು ಹೇಳಲು ಉಸಿರೇ ಉಳಿದಿರಲಿಲ್ಲ. "ಹತ್ಲಿಲ್ಲ ಮಜೀದ್. ಹೆದರಿದೆ. ಬಸ್ಸಿನಲ್ಲಿ ಹೋದೆ. ಐದು ವರ್ಷದಿಂದ ಬಾಯಿಗೆ ಬಂದದ್ದು ಹೇಳ್ತಾ ಇದ್ದೇನೆ. ಇವಳಿಗೆ ಸಾ ಗೊತ್ತಿಲ್ಲ. ನೀವು ವರ್ಷ ವರ್ಷ ಹಾರುವವರು, ನಿಮ್ಮ ಎದುರು ಕೂತು ಕುಲುಕು ಜಾಸ್ತಿ ಅಂದೆನಲ್ಲ... ನನಗೆ ಈ ಬಾವಿಗೆ ಇಳಿದು ಕೂರುವ ಅಂತ ಆಗ್ತದೆ."

ಮಜೀದ್ ನಗುತ್ತಾನೆಂದು ಅವರು ಕಾದರು. ಅವನು ನಗಲಿಲ್ಲ.

"ಎಲೆ ಹರಿಯುವುದು ನನಗೆ ಹೇಗೆ ಗೊತ್ತು ಅಂತ ನೀವು ಕೇಳಲಿಲ್ಲ" ಎಂದ. "ಆ ಟಿಕೆಟು ಬರೆಯುವುದೇ ನನ್ನ ಕೆಲಸ. ಬೊಂಬಾಯಿಯಲ್ಲಿ, ಒಂದು ಟ್ರಾವೆಲ್ಸಿನಲ್ಲಿ. ನಾಲ್ಕು ವರ್ಷದಿಂದ."

"ದುಬೈ?"

"ದುಬೈಗೆ ಜನ ಕಳಿಸ್ತೇನೆ. ನಾನು ಹೋಗ್ಲಿಲ್ಲ. ವೀಸಾ ಕೊಡ್ತೇನೆ ಅಂದವನು ಮೊದಲನೇ ವರ್ಷವೇ ಓಡಿಹೋದ. ಇಲ್ಲಿ ಮಾಮ ಊರಿಗೆಲ್ಲ ಹೇಳಿ ಆಗಿತ್ತು. ಹಿಂದೆ ಬರ್ಲಿಕ್ಕೆ ಮುಖ ಇರ್ಲಿಲ್ಲ. ಸೋಪು, ಟಾರ್ಚು, ಸೆಂಟು ಎಲ್ಲ ಬೊಂಬಾಯಿಯ ಬೀದಿಯಲ್ಲೇ ಸಿಗ್ತದೆ. ಕಾಗದ ದುಬೈಗೆ ಹೋಗಿ ಬರುವವರ ಕೈಯಲ್ಲಿ ಕೊಟ್ಟರೆ ಅಲ್ಲಿಂದ ಅಂಚೆಗೆ ಹಾಕ್ತಾರೆ. ಹೆಂಡತಿ ಮಾಜಿದಾಳಿಗೆ ಸಾ ಗೊತ್ತಿಲ್ಲ."

ಮಾಷ್ಟ್ರು ಬಾವಿಕಟ್ಟೆಯ ಮೇಲೆ ಕುಳಿತರು. ಅವರ ಸುಳ್ಳಿಗೆ ನಾಲ್ಕು ಜನರ ಬೆರಗು ಸಿಕ್ಕಿತ್ತು. ಈ ಹುಡುಗ ತನ್ನ ಸುಳ್ಳಿನ ಮೇಲೆ ಹೆಂಡತಿಯನ್ನು ಸಾಕುತ್ತಿದ್ದಾನೆ. ಇದನ್ನು ನೆನೆದಾಗ ಮೊದಲಿದ್ದ ನಾಚಿಕೆಯ ಮೇಲೆ ಇನ್ನೊಂದು ನಾಚಿಕೆ ಬಂದು ಕುಳಿತಿತು.

"ಆ ಪುಸ್ತಕಕ್ಕೆ ಸೇರಿದರೆ ವರ್ಷಕ್ಕೊಮ್ಮೆ ಮನೆಗೆ ಲೆಕ್ಕ ಬರ್ತದೆ ಮಾಷ್ಟ್ರೇ. ಕುವೈತಿನ ಭಾವನ ಹೆಸರಿನ ಎದುರು ಇಷ್ಟು ಮೈಲು, ನನ್ನ ಎದುರು ಸೊನ್ನೆ. ಎರಡೂ ಮೋಸ ಅಂತ ನೀವು ಹೇಳ್ಬೇಕು. ಮಾಮ ನಿಮ್ಮ ಮಾತು ಮಾತ್ರ ಕೇಳ್ತಾರೆ."

ಮಾಷ್ಟ್ರು ಜಗಲಿಗೆ ಮರಳಿದರು. ಗಂಟಲು ಸರಿಮಾಡಿಕೊಂಡರು.

"ಮೂಸಾಕ, ಮಜೀದ್ ಸಣ್ಣಕ್ಷರ ತೋರಿಸಿದ. ಎರಡೂ ಬೇಡ. ಎರಡೂ ಮೋಸ. ಪುಕ್ಕಟೆ ಟಿಕೆಟು ಅಂತ ಹೇಳ್ತಾರೆ, ಕೊಡುವುದಿಲ್ಲ."

"ಬೆಳಿಗ್ಗೆಯಿಂದ ಕಣ್ಣುಮುಚ್ಚಿ ಹಸಿರು ಅಂದದ್ದು ಯಾರು?" ವೆಂಕಪ್ಪನ ಕೋಲು ನೆಲಕ್ಕೆ ಬಡಿಯಿತು.

"ನಾನೇ. ನನಗೆ ಗೊತ್ತಿರ್ಲಿಲ್ಲ."

"ಕುಲುಕು?"

"ಅದೂ ಸುಮ್ನೆ ಹೇಳಿದ್ದು."

"ಒಂದು ಸಲ ಬೊಂಬಾಯಿಗೆ ಹೋಗಿ ಬಂದು ಐದು ವರ್ಷ ನಮ್ಮ ಕಿವಿಗೆ ಹೂ ಇಟ್ರಲ್ಲ! ನಾನು ಆಗಲೇ ಹೇಳಿದೆ, ಇವರಿಗೆ ವಿಮಾನದ ಗಂಧಗಾಳಿ ಗೊತ್ತಿಲ್ಲ ಅಂತ." ವೆಂಕಪ್ಪನಿಗೆ ನಿವೃತ್ತಿಯಾದ ಮೇಲೆ ಇಷ್ಟು ಸಂತೋಷ ಆದದ್ದು ಇದೇ ಮೊದಲು. ಶೀನಪ್ಪ ಮುಖ ತಿರುಗಿಸಿ ನಕ್ಕ. ತುಂಗಾ ಟಿಕೆಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಗಂಡನನ್ನೊಮ್ಮೆ ನೋಡಿ ತಲೆತಗ್ಗಿಸಿದರು. ಪರದೆಯ ಹಿಂದಿನ ಬಳೆಗಳ ಸದ್ದು ನಿಧಾನವಾಗಿ ಅಡುಗೆಮನೆಯ ಕಡೆಗೆ ಹೋಯಿತು. ಬೈದವರಿಗಿಂತ ಆ ಹೆಜ್ಜೆಗಳೇ ಮಾಷ್ಟ್ರನ್ನು ಹೆಚ್ಚು ಕುಗ್ಗಿಸಿದವು. ಮಜೀದ್ ಮಾತ್ರ ಬೆಳಗಿನಿಂದ ಮೊದಲ ಬಾರಿಗೆ ಬೆಂಚಿಗೆ ಪೂರ್ತಿ ಒರಗಿ ಕುಳಿತಿದ್ದ.

ಮೂಸಾಕ ಎರಡೂ ಕಾಗದಗಳನ್ನು ಮಡಿಸಿ ಬದಿಗಿಟ್ಟರು.

"ವೆಂಕಪ್ಪನವರೇ, ನಗ್ಬೇಡಿ" ಎಂದರು. "ತಪ್ಪು ಹೇಳಿದೆ ಅಂತ ನಾಲ್ಕು ಜನರ ಎದುರು ಒಪ್ಪುವವರು ಎಷ್ಟು ಮಂದಿ ಇದ್ದಾರೆ? ಇಂಥವರನ್ನು ನಂಬ್ಬಹುದು." ಅವರ ಸ್ವರ ಏರಿತು. "ಸೌದಾ, ಇಲ್ಲಿ ಕೇಳು. ಪುಕ್ಕಟೆ ಟಿಕೆಟಿಗೆ ಕಾಯುವುದು ಬೇಡ. ಈ ಸಲ ಮಜೀದ್ ಬಸ್ಸಿನಲ್ಲಿ ಹೋಗುವುದಿಲ್ಲ. ಬುಧವಾರ ಬಜಪೆಯಿಂದ ಬೊಂಬಾಯಿಗೆ ವಿಮಾನದಲ್ಲಿ ನೀನು, ನಾನು, ಅವನು ಒಟ್ಟಿಗೇ ಹೋಗುವ. ಅವನು ದುಬೈ ವಿಮಾನ ಹತ್ತುವುದನ್ನು ಕಣ್ಣಾರೆ ನೋಡಿ ಬರುವ."

ಮಜೀದನ ಬೆನ್ನು ಬೆಂಚಿನಿಂದ ಎದ್ದಿತು.

"ಹಿಂದೆ ಬರುವಾಗ ನಮಗೆ ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ" ಎಂದು ಮೂಸಾಕ ಮಾಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ಮಾಷ್ಟ್ರು ನಮ್ಮೊಟ್ಟಿಗೆ ಹೋಗುವುದು, ನಮ್ಮೊಟ್ಟಿಗೇ ಬರುವುದು. ಅಂಗಡಿಯ ಸುಧಾಕರನನ್ನು ಈಗಲೇ ಮಂಗಳೂರಿಗೆ ಕಳಿಸ್ತೇನೆ. ನಾಲ್ಕು ಟಿಕೆಟು!"

ಅಡುಗೆಮನೆಯಿಂದ ಬಳೆಗಳು ಓಡೋಡಿ ಬಂದವು. ತುಂಗಾಳ ಮುಖ ಮತ್ತೆ ಅರಳಿತು.

"ಮಾಮ, ಬಸ್ಸೇ ಒಳ್ಳೇದಲ್ವಾ?" ಎಂದ ಮಜೀದ್.

"ಹೌದು ಮೂಸಾಕ, ಬಸ್ಸೇ ಒಳ್ಳೇದು" ಎಂದರು ಮಾಷ್ಟ್ರು ಅದೇ ಉಸಿರಿನಲ್ಲಿ.

ಶೀನಪ್ಪ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ವೆಂಕಪ್ಪನ ಕಡೆ ತಿರುಗಿ ತಲೆಯಾಡಿಸಿದ.

"ನೋಡಿದ್ರಾ? ವಿಮಾನದಲ್ಲಿ ಓಡಾಡಿ ಓಡಾಡಿ ಸಾಕಾದವರು ಹೀಗೇ ಹೇಳುವುದು."